ಕೌಂಟರಮ್ಮನ ಉಸಿರು

“ತಡೀಮ್ಮಾ, ಇನ್ನೊಂದೇ ಒಂದ್ಸಲ. ಬಡ್ಡಿ ಎಷ್ಟು ಅಂತ ಹೇಳೋವರೆಗೆ ಕೇಳಿಬಿಡ್ತೀನಿ.”

ಕನ್ನಡಕದ ತಾತ ಫೋನನ್ನು ಬಲಗಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. ಎಡಗಿವಿ ಅವರಿಗೆ ಅಷ್ಟಕ್ಕಷ್ಟೇ. ಅವರ ಮನೆಯ ಮುಂಭಾಗದ ಕನ್ನಡಕದ ಅಂಗಡಿಯಲ್ಲಿ, ಗಾಜು ಉಜ್ಜುವ ಯಂತ್ರದ ಪಕ್ಕ ಕೆದಕಮ್ಮ ಸ್ಟೂಲು ಎಳೆದುಕೊಂಡು ಕುಳಿತಿದ್ದಳು. ಫೋನಿನಿಂದ ಸೋರಿ ಬರುತ್ತಿದ್ದ ದನಿ ಅವಳಿಗೂ ಕೇಳುತ್ತಿತ್ತು.

“ನಮಸ್ಕಾರ. ನಿಮ್ಮ ಬ್ಯಾಂಕಿಗೆ ಸ್ವಾಗತ. ಠೇವಣಿಯ ಬಡ್ಡಿದರ ತಿಳಿಯಲು ಎರಡನ್ನು ಒತ್ತಿ.”

ತಾತ ಎರಡನ್ನು ಒತ್ತಿದರು.

“ಕೇಂದ್ರ ಬ್ಯಾಂಕು ಬಡ್ಡಿದರವನ್ನು ಮತ್ತೆ ಇಳಿಸಿರುವುದರಿಂದ ಹಿರಿಯ ನಾಗರಿಕರ ಠೇವಣಿಯ ದರವೂ ಕಡಿಮೆಯಾಗಿದೆ.”

“ನೋಡಿದ್ರಾ?” ತಾತ ಕಣ್ಣು ತೆರೆಯದೆ ಹೇಳಿದರು. “ಹೊಟ್ಟೆ ಮೇಲೆ ಹೊಡೆಯೋ ಮಾತನ್ನೂ ಎಷ್ಟು ಮೆತ್ತಗೆ ಹೇಳ್ತಾಳೆ.”

ಹೇಳುತ್ತಿದ್ದವಳು ಅವರ ಹೆಂಡತಿ. ಸತ್ತು ವರ್ಷಗಳಾಗಿದ್ದವು. ಜೀವಮಾನವಿಡೀ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವಳಾದ್ದರಿಂದ ಊರಿಗೆಲ್ಲ ಅವಳು ಕೌಂಟರಮ್ಮ. ನಿವೃತ್ತಿಗೆ ಮುಂಚೆ ಬ್ಯಾಂಕಿನವರು ಅವಳಿಂದ ಅಂಕಿ, ವಾರ, ತಿಂಗಳು, ಒಂದಷ್ಟು ವಾಕ್ಯ ಓದಿಸಿ ಧ್ವನಿಮುದ್ರಣ ಮಾಡಿಕೊಂಡಿದ್ದರು. ಆ ತುಂಡುಗಳನ್ನೇ ಹೊಲಿದು ಯಂತ್ರ ದಿನಕ್ಕೊಂದು ಹೊಸ ಮಾತು ಆಡುತ್ತಿತ್ತು. ಬಡ್ಡಿ ಇಳಿದದ್ದು ಕೌಂಟರಮ್ಮನಿಗೆ ಗೊತ್ತೇ ಇಲ್ಲ, ಪಾಪ. ಆದರೂ ಅದನ್ನು ಊರಿಗೆ ಹೇಳುತ್ತಿದ್ದವಳು ಅವಳೇ.

ಇವತ್ತು ಸಂಜೆ ಐದಕ್ಕೆ ಆ ದನಿಯನ್ನು ಅಳಿಸಿಹಾಕಬೇಕು ಅಂತ ಆದೇಶವಾಗಿತ್ತು. ತಾತ ಬೆಳಗಿನಿಂದ ಫೋನು ಕೆಳಗಿಟ್ಟಿರಲಿಲ್ಲ.

ಕೆದಕಮ್ಮ ಅಂದರೆ ಬ್ಯಾಂಕುಗಳ ಮೇಲೆ ಕಣ್ಣಿಡುವ ನಿಯಂತ್ರಣ ಕಚೇರಿಯ ತನಿಖಾಧಿಕಾರಿ. ಆ ಹೆಸರಿಟ್ಟದ್ದು ಅವಳ ಅತ್ತೆ. ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆ ಅಡುಗೆಮನೆಯ ಡಬ್ಬಿಯಿಂದ ಹಿಡಿದು ಮಾವನವರ ಹಳೆಯ ಪ್ರೇಮಪ್ರಸಂಗದವರೆಗೆ ಎಲ್ಲವನ್ನೂ ಕೆದಕಿ ಕೆದಕಿ ಕೇಳುತ್ತಿದ್ದಳಂತೆ. ಅಡ್ಡಹೆಸರು ಮನೆಯಿಂದ ಕಚೇರಿಗೆ ಬಂತು, ಕಚೇರಿಯಿಂದ ಬ್ಯಾಂಕುಗಳಿಗೆ ಹೋಯಿತು. ಈಗ ಅವಳ ನಿಜವಾದ ಹೆಸರು ಸಂಬಳದ ಚೀಟಿಗೆ ಮಾತ್ರ ಗೊತ್ತು.

ತಾತ ಫೋನು ಮೇಜಿನ ಮೇಲಿಟ್ಟರು. “ಕೇಳಿ ಅಮ್ಮಾ. ಕೇಳೋಕೇ ಬಂದಿರೋದಲ್ವಾ ನೀವು.”

“ತಾತ, ಸುತ್ತಿ ಬಳಸಿ ಮಾತಾಡೋಕೆ ನಂಗೆ ಬರಲ್ಲ. ಈ ದನಿ ಬ್ಯಾಂಕಿನ ಹೊರಗೆ ಇರೋದು ಒಂದೇ ಕಡೆ. ನಿಮ್ಮ ಮನೇಲಿ.”

“ಇದೆ.” ಅವರು ಮೇಜಿನ ಖಾನೆ ಎಳೆದರು. ಸಣ್ಣ ಸ್ಕ್ರೂಗಳು, ಮೂಗಿನ ಮೇಲೆ ಕೂರುವ ರಬ್ಬರು ಗುಂಡುಗಳು, ಅವುಗಳ ನಡುವೆ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಪೆನ್‌ಡ್ರೈವ್. “ರಿಟೈರಾದ ದಿನ ಬ್ಯಾಂಕಿನವರು ಅವಳಿಗೆ ಶಾಲು ಹೊದಿಸಿ, ಇದನ್ನ ಕೈಗಿಟ್ರು. ಓದಿದ್ದೆಲ್ಲ ಇದರಲ್ಲಿದೆ. ಬೇಡ ಅಂತ ತೆಗೆದುಹಾಕಿದ್ದೂ ಇದೆ.”

“ಏನು ಬೇಡ ಅಂದ್ರು?”

“‘ಹೆದರ್ಬೇಡಿ, ನಾನಿದೀನಿ’ ಅಂತ ಅವಳು ಕೌಂಟರಲ್ಲಿ ಎಲ್ಲರಿಗೂ ಅನ್ನೋಳು. ರೆಕಾರ್ಡಿಂಗಲ್ಲೂ ಅಂದುಬಿಟ್ಲು. ಬ್ಯಾಂಕು ಯಾರಿಗೂ ಭರವಸೆ ಮಾತು ಹೇಳೋಹಾಗಿಲ್ಲ ಅಂತ ನಿಮ್ಮ ಕಚೇರಿಯೋರದ್ದೇ ನಿಯಮವಂತೆ. ಕತ್ತರಿಸಿದ್ರು.” ತಾತ ನಕ್ಕರು. ನಗೆ ಬಾಯಿಯವರೆಗೆ ಬಂತು, ಅಲ್ಲೇ ನಿಂತಿತು.

ಕೆದಕಮ್ಮನಿಗೆ ಆ ಮಾತು ಚೆನ್ನಾಗಿ ಗೊತ್ತಿತ್ತು. ವಾರದಿಂದ ಅದನ್ನೇ ಕೇಳಿ ಕೇಳಿ ಅವಳ ನಿದ್ದೆ ಕೆಟ್ಟಿತ್ತು.

ಊರಿನ ಬ್ರಾಂಚುಗಳನ್ನೆಲ್ಲ ಮುಚ್ಚಿ ಕೆಲಸವನ್ನು ಫೋನಿಗೂ ಯಂತ್ರಕ್ಕೂ ಒಪ್ಪಿಸಿದ ಮೇಲೆ, ಕಾಲು ಸಾಗದ ಮುದುಕರು ಎಲ್ಲಿಗೆ ಹೋಗಬೇಕು? ಅದಕ್ಕೆಂದು ಹೊಸ ನಿಯಮ ಬಂದಿತ್ತು. ಹಿರಿಯರು ಸಹಿ ಹಾಕಬೇಕಾಗಿಲ್ಲ, ಹೂಂ ಅಂದರೆ ಸಾಕು, ಅವರ ದನಿಯೇ ಸಹಿ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ ನಿಯಮ. ಆಮೇಲೆ ಬಡ್ಡಿ ಇಳಿಯುತ್ತ ಬಂತು. ಠೇವಣಿಯ ಬಡ್ಡಿಯಲ್ಲೇ ಔಷಧಿ, ಬಾಡಿಗೆ ನೋಡಿಕೊಳ್ಳುತ್ತಿದ್ದವರ ಎದೆ ಢವಢವ ಅನ್ನತೊಡಗಿತು. ಸರಿಯಾಗಿ ಅಂಥ ಹೊತ್ತಿನಲ್ಲಿ ಫೋನು ಬಂತು. “ನಾನು, ಕೌಂಟರಮ್ಮ. ನಿಮ್ಮ ಠೇವಣೀನ ಹಳೇ ದರಕ್ಕೇ ಕಟ್ಟಿಹಾಕಿಬಿಡ್ತೀನಿ. ಹೆದರ್ಬೇಡಿ, ನಾನಿದೀನಿ. ಹೂಂ ಅನ್ನಿ, ಸಾಕು.”

ಅಂದರು. ಆ ಹೂಂ ಸಹಿಯಾಗಿ ಬ್ಯಾಂಕಿಗೆ ಹೋಯಿತು, ಠೇವಣಿ ಯಾರದೋ ಖಾತೆಗೆ ಹೋಯಿತು.

ಈಗ, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಸಂಭ್ರಮ. ಅದೂ ಅರ್ಧ ಬಾಗಿಲು. ದನಿ ಅಳಿಸುವ ಆದೇಶ ಹೊರಬಿದ್ದಿತ್ತು. ಹೂಂ ಅಂದರೆ ಸಹಿ ಎಂಬ ನಿಯಮವನ್ನು ನಿಲ್ಲಿಸುವ ಆದೇಶ ಮಾತ್ರ ಯಾವನೋ ಸಾಹೇಬನ ಮೇಜಿನ ಮೇಲೆ ಇನ್ನೂ ಕಾಯುತ್ತಿತ್ತು. ಹೇಳುವವರಿಲ್ಲ, ಕೇಳುವವರಿಲ್ಲ.

“ತಾತ, ಇನ್ನೊಂದು ವಿಷಯ. ಬ್ಯಾಂಕಲ್ಲಿ ಸಾವಿರಾರು ಜನ ಠೇವಣಿದಾರರು. ದೊಡ್ಡ ದೊಡ್ಡ ಕುಳಗಳೂ ಇದಾರೆ. ಫೋನು ಬಂದಿದ್ದು ಬರೀ ಸಣ್ಣವರಿಗೆ. ಒಬ್ರು ಹೊಲಿಗೆ ಅಂಗಡಿ ಅಜ್ಜಿ. ಅವರನ್ನ ಆ ದನಿ ಏನಂತ ಕರೀತು ಗೊತ್ತಾ? ಸೂಜಿಮಲ್ಲಿಗೆ ಅಂತ.”

ತಾತನ ಕೈ ಬಟ್ಟೆಯ ಮೇಲೆ ನಿಂತಿತು.

“ಇನ್ನೊಬ್ರು ಹಳೇ ಬಸ್ ಡ್ರೈವರು. ಅವರನ್ನ...”

“ನಿಧಾನಪ್ಪ,” ಅಂದರು ತಾತ.

“ಹೂಂ. ನಿಧಾನಪ್ಪ. ಇವು ಬ್ಯಾಂಕಿನ ಯಾವ ಕಂಪ್ಯೂಟರಲ್ಲೂ ಇಲ್ಲ. ಕೌಂಟರಮ್ಮ ತಮಾಷೆಗೆ ಇಟ್ಟ ಹೆಸರು. ಯಾರಿಗೆ ಗೊತ್ತಿತ್ತು ಇದು?”

“ನಂಗೆ ಗೊತ್ತಿತ್ತು. ದಿನಾ ಸಂಜೆ ಬಂದು ಹೇಳೋಳು. ಇವತ್ತು ನಿಧಾನಪ್ಪ ಬಂದಿದ್ದ ಕಣ್ರೀ, ಪೆನ್ನಿನ ಮುಚ್ಚಳ ತೆಗೆಯೋಷ್ಟರಲ್ಲಿ ನಾನು ಊಟ ಮುಗಿಸಿ ಬಂದೆ, ಅಂತ.” ತಾತ ಕನ್ನಡಕ ತೆಗೆದು ಒರೆಸಿಕೊಂಡರು. “ಸೂಜಿಮಲ್ಲಿಗೆ ಹೇಗಿದಾಳೆ?”

ಕೆದಕಮ್ಮ ಏನಂತ ಹೇಳಬೇಕು? ನಿನ್ನೆ ಆ ಮುದುಕಿಯ ಒಂಟಿ ಕೋಣೆಯಲ್ಲಿ, ಹೊಲಿಗೆ ಯಂತ್ರದ ಮುಂದೆ ಕೂತು ಅವಳು ಹೇಳಿದ್ದಳು, ಅಜ್ಜಿ, ನಿಮ್ಮ ದುಡ್ಡು ಹೋಗಿದೆ ಅಂತ. ಮುದುಕಿ ನಂಬಲಿಲ್ಲ. “ಹೋಗಮ್ಮಾ, ಅವಳು ನಂಗೆ ಮೋಸ ಮಾಡ್ತಾಳಾ?” ಅಂದಳು. ಆಗ ಕೆದಕಮ್ಮ ಹೇಳಬೇಕಾಯಿತು, ಕೌಂಟರಮ್ಮ ತೀರಿಕೊಂಡು ವರ್ಷಗಳಾದವು ಅಂತ. ಬ್ರಾಂಚು ಮುಚ್ಚಿದ ಮೇಲೆ ಆ ಸುದ್ದಿ ಮುದುಕಿಗೆ ಹೇಳುವವರೇ ಇರಲಿಲ್ಲ. ದುಡ್ಡು ಹೋಯಿತು ಅಂದಾಗ ಕಣ್ಣು ಮಿಟುಕಿಸದವಳು, ಅದನ್ನು ಕೇಳಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಕೆದಕಮ್ಮನಿಗೆ ಈ ನೌಕರಿಯೇ ಸಾಕೆನಿಸಿದ್ದು ಆ ಹೊತ್ತಿಗೆ.

“ಕೊನೇ ಪ್ರಶ್ನೆ ತಾತ. ಅವರೆಲ್ಲರಿಗೂ ಫೋನು ಬಂತು. ನಿಮ್ಮದೂ ಅದೇ ಬ್ಯಾಂಕಲ್ಲಿ ಠೇವಣಿ ಇದೆ. ನಿಮಗೆ ಯಾಕೆ ಬರ್ಲಿಲ್ಲ?”

ಇದು ಅವಳ ಬಾಣ. ಕಚೇರಿಯಲ್ಲಿ ಎಲ್ಲರೂ ಇದನ್ನೇ ಬೆರಳು ಮಾಡಿ ತೋರಿಸಿದ್ದರು. ಕಳ್ಳ ತನ್ನ ಮನೆಗೆ ತಾನೇ ಕನ್ನ ಹಾಕುತ್ತಾನೆಯೇ ಅಂತ.

ತಾತ ತಲೆ ತಗ್ಗಿಸಿದರು. ಎತ್ತಿದಾಗ ಅವರ ಕಣ್ಣು ತುಂಬಿತ್ತು.

“ಅದನ್ನೇ ನಾನೂ ಕೇಳ್ಕೊಂಡೆ ಅಮ್ಮಾ. ನಗಬೇಡಿ. ಊರಿಗೆಲ್ಲ ಮಾತಾಡ್ಸಿದಳು. ನಂಗೆ ಒಂದು ಫೋನು ಮಾಡ್ಲಿಲ್ಲ. ಕಳ್ಳರೇ ಮಾಡಿಸಿದ್ರೂ ಪರವಾಗಿಲ್ಲ, ಒಂದ್ಸಲ ರೀ ಅಂತ ಕರೀಬಾರದಿತ್ತಾ? ಠೇವಣಿ ಅವಳದ್ದೇ, ರಿಟೈರಾದ ದುಡ್ಡು. ಮೊಮ್ಮಗಳ ಓದಿಗೆ ಅಂತ ನನ್ನ ಹೆಸರಲ್ಲಿ ಇಟ್ಟುಹೋದ್ಳು. ಬೇಕಿದ್ರೆ ಅದನ್ನೂ ತಗೊಂಡು ಹೋಗ್ಲಿ ಅನ್ನಿಸಿತ್ತು ನಂಗೆ.”

ಕೆದಕಮ್ಮನ ಬಾಣ ಎಲ್ಲಿ ಬಿತ್ತೋ ಅವಳಿಗೇ ತಿಳಿಯಲಿಲ್ಲ. ತನ್ನ ಫೋನು ತೆಗೆದಳು. “ಒಂದು ಕರೆ ರೆಕಾರ್ಡ್ ಆಗಿದೆ. ನಿಧಾನಪ್ಪನವರ ಮಗನ ಫೋನಲ್ಲಿ. ಕೇಳ್ತೀರಾ?”

ತಾತ ಬಲಗಿವಿಯನ್ನು ಮುಂದಕ್ಕೆ ತಂದರು.

“ನಾನು, ಕೌಂಟರಮ್ಮ. ಏನಪ್ಪಾ ನಿಧಾನಪ್ಪ, ಫೋನು ಎತ್ತೋಕೂ ಇಷ್ಟು ಹೊತ್ತಾ?... ಹೆದರ್ಬೇಡಿ, ನಾನಿದೀನಿ.”

ಮುದುಕರ ಮುಖದ ಮೇಲೆ ಮೊದಲು ಆಸೆ ಹರಿಯಿತು. ಆಮೇಲೆ ಏನೋ ಆಯಿತು. ಬೆಂಕಿ ಮುಟ್ಟಿದವರಂತೆ ಹಿಂದೆ ಸರಿದು ಕುರ್ಚಿಗೆ ಒರಗಿದರು.

“ನಾನೇ,” ಅಂದರು.

“ಏನು?”

“ನಾನೇ ಕೊಟ್ಟಿದ್ದು. ಪೆನ್‌ಡ್ರೈವಲ್ಲಿ ಇರೋದನ್ನ. ಹೆಸರುಗಳನ್ನೂ ನಾನೇ ಹೇಳಿದೆ. ಬರ್ಕೊಳ್ಳಿ. ನನ್ನನ್ನ ಕರ್ಕೊಂಡು ಹೋಗಿ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕೆದಕಮ್ಮ ಎಷ್ಟೋ ಕಂಡಿದ್ದಳು. ಯಾರೂ ಕಳ್ಳ ಅನ್ನುವ ಮೊದಲೇ ಕುಂಬಳಕಾಯಿ ತಂದು ಹೆಗಲ ಮೇಲೆ ಇಟ್ಟುಕೊಂಡವರನ್ನು ಇದೇ ಮೊದಲು ಕಂಡದ್ದು.

“ಯಾರಿಗೆ ಕೊಟ್ರಿ?”

“ಒಬ್ಬ... ಬಂದಿದ್ದ. ಅಂಗಡಿಗೆ.”

“ಹೇಗಿದ್ದ?”

“ಕನ್ನಡಕ ಹಾಕಿದ್ದ.”

“ಎಂಥ ಕನ್ನಡಕ? ದೂರದ್ದಾ, ಓದೋದಾ? ಫ್ರೇಮು ಯಾವುದು?”

ಬದುಕಿಡೀ ಎದುರು ಬಂದವರ ಮುಖಕ್ಕಿಂತ ಮೊದಲು ಫ್ರೇಮು ನೋಡಿದ ಮನುಷ್ಯ, ಬಾಯಿ ತೆರೆದು, ಮುಚ್ಚಿದರು. ಸುಳ್ಳು ಹೇಳುವುದಕ್ಕೂ ಒಂದು ಅಭ್ಯಾಸ ಬೇಕು. ಅದು ಅವರಿಗೆ ಇರಲಿಲ್ಲ.

ಕೆದಕಮ್ಮ ಚೀಲದಿಂದ ಲ್ಯಾಪ್‌ಟಾಪು ತೆಗೆದು ಪೆನ್‌ಡ್ರೈವ್ ಹಾಕಿದಳು. ಕತ್ತರಿಸಿ ಹಾಕಿದ್ದ ಆ ಮಾತು ಸಿಕ್ಕಿತು. ಆರೋಗ್ಯವಾಗಿದ್ದ ಕೌಂಟರಮ್ಮನ ತುಂಬುದನಿ ಅಂಗಡಿಯಲ್ಲಿ ಮೊಳಗಿತು. “ಹೆದರ್ಬೇಡಿ, ನಾನಿದೀನಿ.” ಆಮೇಲೆ ಕರೆಯಲ್ಲಿದ್ದ ದನಿ ಹಾಕಿದಳು. “ಹೆದರ್ಬೇಡಿ, ನಾನಿದೀನಿ.”

ಅವೇ ಪದ, ಅದೇ ಹೆಂಗಸು. ಮತ್ತೊಮ್ಮೆ ಹಾಕಿದಳು. ಮತ್ತೂ ಒಮ್ಮೆ. ಆಗ ಕೇಳಿಸಿತು.

ಕರೆಯ ದನಿಯಲ್ಲಿ, ‘ಹೆದರ್ಬೇಡಿ’ ಆದ ಮೇಲೆ ಒಂದು ಸಣ್ಣ ಉಸಿರು ಇತ್ತು. ಮಹಡಿ ಹತ್ತಿ ಬಂದವರು ಮಾತಾಡುವ ಮುಂಚೆ ಎಳೆದುಕೊಳ್ಳುವಂಥ ಉಸಿರು. ಪೆನ್‌ಡ್ರೈವಿನಲ್ಲಿ ಅದಿರಲಿಲ್ಲ.

“ತಾತ, ಕೌಂಟರಮ್ಮ ಹೀಗೆ ಉಸಿರು ಎಳ್ಕೊಂಡು ಮಾತಾಡ್ತಿದ್ದಿದ್ದು ಯಾವಾಗ?”

ತಾತ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಬೆರಳುಗಳ ಸಂದಿಯಿಂದ ಮಾತು ಬಂತು.

“ಕೊನೇಲಿ. ಶ್ವಾಸಕೋಶ ಹೋಗಿತ್ತಲ್ಲ. ಮೂಗಿಗೆ ಆಕ್ಸಿಜನ್ ಪೈಪು. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಆ ಉಸಿರು. ರಾತ್ರಿಯೆಲ್ಲ ಪಕ್ಕದಲ್ಲಿ ಮಲಗಿ ಎಣಿಸ್ತಿದ್ದೆ ಅಮ್ಮಾ, ಎಲ್ಲಿ ನಿಂತುಹೋಗುತ್ತೋ ಅಂತ. ನಂಗೆ ಅದನ್ನ ರೆಕಾರ್ಡ್ ಮಾಡೋ ಎದೆ ಇರ್ಲಿಲ್ಲ.”

“ಯಾರಿಗೆ ಇತ್ತು?”

ಮುದುಕರು ಬಾಗಿಲ ಕಡೆ ನೋಡಿದರು. ಅಷ್ಟರಲ್ಲಿ ಅಂಗಡಿಯ ಬಾಗಿಲಿನ ಗಂಟೆ ಕಿಣಿಕಿಣಿ ಅಂದಿತು.

ಬಂದವಳು ತಾತನ ಮಗಳು. ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸ. ಮೈಮೇಲೆ ಇನ್ನೂ ಅಲ್ಲಿಯ ನೀಲಿ ಅಂಗಿ, ಕೈಯಲ್ಲಿ ಶಾಲೆಯ ಚೀಲ, ಚೀಲದ ಹಿಂದೆ ಚೀಲದಷ್ಟೇ ಎತ್ತರದ ಅವಳ ಮಗಳು ಪುಟ್ಟಿ. ಪುಟ್ಟಿ ಯಾರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ, ಚಪ್ಪಲಿಯನ್ನು ಒಂದೊಂದು ದಿಕ್ಕಿಗೆ ಹಾರಿಸಿ ಒಳಕೋಣೆಗೆ ಓಡಿದಳು.

ಮಗಳು ಮೇಜಿನ ಮೇಲಿನ ಪೆನ್‌ಡ್ರೈವ್ ನೋಡಿದಳು. ಅಪ್ಪನ ಮುಖ ನೋಡಿದಳು.

“ಮೇಡಂ, ಅಪ್ಪನ್ನ ಏನೂ ಮಾಡ್ಬೇಡಿ,” ಅಂದಳು. “ಅವರು ದುಡ್ಡಿಗೆ ಕೊಟ್ಟಿರಲ್ಲ. ಯಾರೋ ಬಂದು, ನಿಮ್ಮ ಹೆಂಡ್ತೀನ ಮಾತಾಡಿಸ್ತೀವಿ ಅಂದಿರ್ತಾರೆ. ಮುದುಕರು, ಒಂಟಿ. ಮೋಸಹೋಗಿರ್ತಾರೆ. ಅದೇನು ಆಗ್ಬೇಕೋ ನಂಗೆ ಆಗ್ಲಿ.”

ತಾತ ದಡಕ್ಕನೆ ಎದ್ದರು. “ನೀನು ಸುಮ್ನಿರೇ! ನಾನು ಒಪ್ಕೊಂಡಾಯ್ತು.”

“ಏನು ಒಪ್ಕೊಂಡ್ರಿ?”

“ನೀನು ಮಾಡಿದ್ದನ್ನ!”

“ನಾನಾ?”

ಅಪ್ಪ ಮಗಳು ಮುಖ ಮುಖ ನೋಡಿಕೊಂಡರು. ಕೆದಕಮ್ಮ ಅವರಿಬ್ಬರನ್ನೂ ನೋಡಿದಳು. ಅಯ್ಯೋ ದೇವರೇ, ಅನ್ನಿಸಿತು ಅವಳಿಗೆ. ಒಂದೇ ಸೂರಿನಡಿ ಅಪ್ಪ ಮಗಳನ್ನು ಕಾಪಾಡಲು ನೋಡುತ್ತಿದ್ದಾರೆ, ಮಗಳು ಅಪ್ಪನನ್ನು. ಒಬ್ಬರನ್ನೊಬ್ಬರು ಒಂದು ಮಾತು ಕೇಳಿಲ್ಲ. ಕೇಳಿದರೆ ಹೌದು ಅಂದುಬಿಡುತ್ತಾರೇನೋ ಎಂಬ ಹೆದರಿಕೆ.

“ಕೂತ್ಕೊಳಮ್ಮಾ,” ಅಂದಳು ಕೆದಕಮ್ಮ ಮಗಳಿಗೆ. “ಅಮ್ಮ ಕಾಯಿಲೆ ಮಲಗಿದ್ದಾಗ ಅವರ ದನಿ ನೀನು ರೆಕಾರ್ಡ್ ಮಾಡಿದ್ಯಾ?”

ಮಗಳು ಹೌದೆಂದು ತಲೆಯಾಡಿಸಿದಳು. “ಆಗ ನಾನು ಬಸುರಿ. ಮಗೂನ ನೋಡೋವರೆಗೆ ಇರಲ್ಲ ಅಂತ ಅಮ್ಮಂಗೆ ಗೊತ್ತಿತ್ತು. ನನ್ನ ದನಿಯಾದ್ರೂ ಕೇಳ್ಲಿ ಕಣೇ, ಕಥೆ ಹೇಳಿಡ್ತೀನಿ ಅಂದ್ಲು. ದಿನಾ ಅಪ್ಪ ಅಂಗಡೀಲಿ ಇರೋವಾಗ ಹೇಳೋಳು. ಅಪ್ಪ ಕೇಳಿದ್ರೆ ಎದೆ ಒಡ್ಕೋತಾರೆ, ಅವರಿಗೆ ಹೇಳ್ಬೇಡ ಅಂದಿದ್ಲು.”

ತಾತ ಕುರ್ಚಿಯ ಬೆನ್ನು ಹಿಡಿದುಕೊಂಡರು. “ನಂಗೆ ಗೊತ್ತಿತ್ತು. ಬಾಗಿಲ ಹಿಂದೆ ನಿಂತು ಕೇಳಿದೀನಿ. ಅದಕ್ಕೇ ಆ ಉಸಿರು ಕೇಳಿದ ಕೂಡ್ಲೇ ನೀನೇ ಅಂದ್ಕೊಂಡೆ.”

“ಆ ಕಥೆಗಳು ಈಗ ಎಲ್ಲಿವೆ?” ಕೆದಕಮ್ಮ ಕೇಳಿದಳು.

“ಒಂದು ಆ್ಯಪ್ ಇದೆ. ಕಥೆಪೆಟ್ಟಿಗೆ ಅಂತ. ಹಿರಿಯರ ದನಿ ಹಾಕಿದ್ರೆ ಅವರ ದನಿಯಲ್ಲೇ ಹೊಸ ಹೊಸ ಕಥೆ ಹೇಳುತ್ತೆ. ದುಡ್ಡು ಕೊಡ್ಬೇಕಾಗಿಲ್ಲ. ಆಸ್ಪತ್ರೇಲೇ ಯಾರೋ ಹೇಳಿದ್ರು. ಒಪ್ಪಿಗೆ ಕೊಡಿ ಅಂತ ಪುಟಗಟ್ಟಲೆ ಬಂತು. ಅಮ್ಮನೇ ಬೆರಳಿಟ್ಟು ಒತ್ತಿದ್ಲು. ಓದೇ ಅಮ್ಮಾ ಅಂದೆ. ಕೌಂಟರಲ್ಲಿ ಎಲ್ಲರಿಗೂ ಬಯ್ಯೋಳು, ಓದ್ದೆ ಸಹಿ ಹಾಕ್ಬೇಡಿ ಅಂತ. ಅವತ್ತು ನಕ್ಕುಬಿಟ್ಲು. ಓದೋಷ್ಟು ಉಸಿರೆಲ್ಲಿದೆಯೇ, ಅದನ್ನ ಕಥೆಗೆ ಇಟ್ಕೊಂಡಿದೀನಿ, ಅಂದ್ಲು.”

ಊರಿಗೆಲ್ಲ ಬುದ್ಧಿ ಹೇಳಿದವಳು, ಬದುಕಿನಲ್ಲಿ ಒಂದೇ ಒಂದು ಸಲ ಓದದೆ ಒತ್ತಿದ್ದಳು. ಅದೂ ಹುಟ್ಟದ ಮೊಮ್ಮಗಳಿಗಾಗಿ. ಕೆದಕಮ್ಮ ತನ್ನ ಕಚೇರಿಯ ಕಾನೂನು ಪುಸ್ತಕವನ್ನು ಮನಸ್ಸಿನಲ್ಲೇ ತಿರುವಿದಳು. ಬದುಕಿರುವವರ ದನಿಗೆ, ಮುಖಕ್ಕೆ, ಬೆರಳಿಗೆ ಎಲ್ಲಕ್ಕೂ ಕಾವಲಿತ್ತು. ಸತ್ತವರ ದನಿಗೆ ಯಾರೂ ಒಂದು ಸಾಲು ಬರೆದಿರಲಿಲ್ಲ.

“ಏನು ಕಥೆ ಹೇಳ್ತಿದ್ರು? ರಾಜ, ರಾಣಿ?”

“ಅಮ್ಮಂಗೆ ಅವೆಲ್ಲ ಎಲ್ಲಿ ಬರ್ತಿತ್ತು? ಅವಳಿಗೆ ಗೊತ್ತಿದ್ದಿದ್ದು ಕೌಂಟರಿನ ಜನ. ಪೆನ್ನಿನ ಮುಚ್ಚಳ ತೆಗೆಯೋ ನಿಧಾನಪ್ಪ. ತಲೆಗೂದಲಿಗೆ ಸೂಜಿ ಸಿಕ್ಕಿಸ್ಕೊಂಡೇ ಬ್ಯಾಂಕಿಗೆ ಬಂದ ಸೂಜಿಮಲ್ಲಿಗೆ. ಮನೆ ಎಲ್ಲಿ, ಮಕ್ಕಳೆಷ್ಟು, ಯಾವುದಕ್ಕೆ ಹೆದರ್ತಾರೆ, ಎಲ್ಲ ಕಥೇಲಿ...”

ಮಗಳ ಮಾತು ಅಲ್ಲೇ ನಿಂತಿತು. ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

ಸಾವಿರಾರು ಜನರಲ್ಲಿ ಇವರೇ ಯಾಕೆ ಎಂಬ ಪ್ರಶ್ನೆಗೆ ವಾರದಿಂದ ಕೆದಕಮ್ಮ ತಲೆ ಕೆರೆದುಕೊಂಡಿದ್ದಳು. ಉತ್ತರ ಈ ಮನೆಯ ಜೋಗುಳದಲ್ಲಿತ್ತು. ಮೋಸಹೋದವರೆಲ್ಲ ಪುಟ್ಟಿಯ ಕಥೆಯ ಜನ. ಒಬ್ಬರೂ ಹೊರಗಿನವರಿಲ್ಲ.

“ನಿಮ್ಮಪ್ಪನ ಕಥೆ?” ಅವಳು ಮೆಲ್ಲಗೆ ಕೇಳಿದಳು. “ಅವರಿಗೆ ಫೋನು ಬರ್ಲಿಲ್ಲ.”

“ಅಪ್ಪನ ಕಥೆ ಹೇಳ್ಲೇ ಇಲ್ಲ ಮೇಡಂ. ಅದು ಎಲ್ಲಕ್ಕಿಂತ ಚೆನ್ನಾಗಿರೋದು, ಕೊನೇಗೆ ಹೇಳ್ತೀನಿ ಅಂತ ರೆಕಾರ್ಡಿಂಗಲ್ಲೂ ಹೇಳಿ ಇಟ್ಕೊಂಡಿದ್ಲು. ಅಷ್ಟರಲ್ಲಿ...”

ತಾತ ಗೋಡೆಯ ಕಡೆ ತಿರುಗಿ ನಿಂತರು. ಅವರ ಭುಜ ಅಲುಗುತ್ತಿತ್ತು. ನನ್ನನ್ನು ಮರೆತಳು ಎಂದು ಕೊರಗುತ್ತಿದ್ದ ಮುದುಕನಿಗೆ, ಮರೆತಿರಲಿಲ್ಲ ಎಂದು ತಿಳಿದದ್ದು ಹೀಗೆ. ಮಗಳು ಎದ್ದು ಹೋಗಿ ಅಪ್ಪನ ಬೆನ್ನಿಗೆ ತಲೆಯಿಟ್ಟಳು.

ಕೆದಕಮ್ಮ ಆ ಕಡೆ ನೋಡಲಾರದೆ ಗಡಿಯಾರ ನೋಡಿದಳು. ಐದು ದಾಟಿತ್ತು.

ತಾತನೂ ಅದನ್ನು ಕಂಡರು. ಮೇಜಿಗೆ ಬಂದು ಫೋನು ಎತ್ತಿ, ಬಾಯಿಪಾಠವಾಗಿದ್ದ ಬ್ಯಾಂಕಿನ ನಂಬರನ್ನು ಒತ್ತಿದರು. ಬಲಗಿವಿಗೆ ಹಿಡಿದರು. ಕೇಳಿದರು. ಮತ್ತೆ ಒತ್ತಿದರು. ಆಮೇಲೆ ಫೋನನ್ನು ಕೆದಕಮ್ಮನ ಕಡೆ ಚಾಚಿದರು, ಕೆಟ್ಟ ವಸ್ತುವನ್ನು ರಿಪೇರಿಗೆ ಕೊಡುವವರಂತೆ. ಒಳಗಿನಿಂದ ಯಾವುದೋ ಹುಡುಗಿಯ ದನಿ ಚೂಪಾಗಿ, ಚುರುಕಾಗಿ ಸ್ವಾಗತ ಹೇಳುತ್ತಿತ್ತು.

“ಹೋದ್ಳು,” ಅಂದರು ತಾತ. “ಎರಡನೇ ಸಲ.”

ಕೆದಕಮ್ಮ ಪೆನ್‌ಡ್ರೈವನ್ನು ಲಕೋಟೆಗೆ ಹಾಕಿದಳು. ಅಂಟು ಹಚ್ಚಿ ಮುಚ್ಚುವಾಗ ತನ್ನ ಕೈ ತನಗೇ ಅಸಹ್ಯವಾಯಿತು. ಕಾನೂನು ಅಂದರೆ ಕಾನೂನು, ಆದರೂ.

“ಆ ಆ್ಯಪ್ ಈಗಲೂ ಇದೆಯಾ?” ಅಂತ ಕೇಳಿದಳು.

“ಇದೆ ಮೇಡಂ. ಪುಟ್ಟಿ ದಿನಾ ಶಾಲೆಯಿಂದ ಬಂದ ತಕ್ಷಣ ಅದೇ. ಮೊದಲೆಲ್ಲ ಬರೀ ಕಥೆ ಹೇಳ್ತಿತ್ತು. ಈಚೆಗೆ ನಡುವೆ ಏನೇನೋ ಪ್ರಶ್ನೆ ಕೇಳುತ್ತೆ. ಮಗುವಿನ ಗಮನ ಆ ಕಡೆ ಈ ಕಡೆ ಹೋಗದಿರ್ಲಿ ಅಂತ ಇರ್ಬೇಕು ಅಂದ್ಕೊಂಡೆ.”

“ಎಂಥ ಪ್ರಶ್ನೆ?”

ಮಗಳು ಉತ್ತರಿಸುವ ಮೊದಲೇ ಒಳಕೋಣೆಯಿಂದ ಉತ್ತರ ಬಂತು.

“ಪುಟ್ಟೀ, ಇವತ್ತು ತಾತನ ಮನೆಗೆ ಯಾರು ಬಂದಿದಾರೆ?”

ಕೌಂಟರಮ್ಮನ ದನಿ. ಈಗಷ್ಟೇ ಬ್ಯಾಂಕಿನಲ್ಲಿ ಅಳಿಸಿಹೋದ ದನಿ.

“ಒಬ್ರು ಆಂಟಿ ಬಂದಿದಾರಜ್ಜಿ,” ಪುಟ್ಟಿ ಹೇಳಿದಳು. “ಲ್ಯಾಪ್‌ಟಾಪು ತಂದಿದಾರೆ. ತಾತ ಅಳ್ತಿದಾರೆ.”

ಒಂದು ಸಣ್ಣ ಉಸಿರು.

“ಹೌದಾ ಕಂದಾ? ಹೆದರ್ಬೇಡ, ನಾನಿದೀನಿ. ಇವತ್ತು ತಾತನ ಕಥೆ ಹೇಳ್ತೀನಿ. ಎಲ್ಲಕ್ಕಿಂತ ಚೆನ್ನಾಗಿರೋ ಕಥೆ. ಆದ್ರೆ ಹೂಂಗುಟ್ಟೋರು ಇಲ್ದೆ ಕಥೆ ಮುಂದೆ ಹೋಗಲ್ಲ. ಹೋಗು, ತಾತನ್ನ ಕರ್ಕೊಂಡು ಬಾ.”

ಕೆದಕಮ್ಮ ಸ್ಟೂಲಿನಿಂದ ಎದ್ದಳು. ಹೂಂ ಅಂದರೆ ಸಹಿ. ನಿಲ್ಲಿಸುವ ಆದೇಶ ಇನ್ನೂ ಸಾಹೇಬನ ಮೇಜಿನ ಮೇಲಿತ್ತು. ಕಥೆಯನ್ನು ಹೇಳುತ್ತಿದ್ದ ಯಂತ್ರದ ಹಿಂದೆ, ಈ ಕ್ಷಣದಲ್ಲಿ, ಯಾರೋ ಕಿವಿಗೊಟ್ಟು ಕೂತಿದ್ದರು.

ಟ್ಯಾಬನ್ನು ಎದೆಗವಚಿಕೊಂಡು ಪುಟ್ಟಿ ಅಂಗಡಿಗೆ ಓಡಿ ಬಂದಳು. “ತಾತ, ತಾತ! ಅಜ್ಜಿ ನಿನ್ನ ಕಥೆ ಹೇಳ್ತಾಳಂತೆ! ನೀನು ಹೂಂ ಅನ್ಬೇಕಂತೆ!”

“ಅದನ್ನ ಕೊಡು ಮಗೂ,” ಎಂದು ಕೆದಕಮ್ಮ ಕೈ ಚಾಚಿದಳು.

ಮುದುಕರ ಕೈ ಅವಳ ಮಣಿಕಟ್ಟು ಹಿಡಿಯಿತು. ಗಾಜು ಹಿಡಿದು ಹಿಡಿದು ಗಟ್ಟಿಯಾದ ಬೆರಳುಗಳು, ಬಿಡಿಸಿಕೊಳ್ಳಲು ಆಗಲಿಲ್ಲ.

“ಮೋಸ ಅಂತ ಗೊತ್ತು ಅಮ್ಮಾ,” ತಾತ ಪಿಸುಗುಟ್ಟಿದರು. “ನಂಗೆ ಗೊತ್ತು.”

“ಅಪ್ಪಾ, ಬೇಡ!” ಮಗಳು ಕೂಗಿದಳು. “ಅದು ಪುಟ್ಟಿ ದುಡ್ಡು!”

ಪುಟ್ಟಿಯ ಎದೆಯ ಮೇಲಿಂದ, ಆ ಉಸಿರನ್ನು ಎಳೆದುಕೊಂಡು, ಕೌಂಟರಮ್ಮ ಕರೆದಳು.

“ರೀ... ಇದೀರಾ?”

ಕನ್ನಡಕದ ತಾತ ಬಲಗಿವಿಯನ್ನು ಟ್ಯಾಬಿನ ಹತ್ತಿರ ತಂದರು. ಕಣ್ಣು ಮುಚ್ಚಿದರು. ಆಮೇಲೆ ಬಾಯಿ ತೆರೆದರು.